ಮೂರನೇ ತೂತು

ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದ ಹಾಗೆ ಇಳಿಯುತ್ತಿದೆ, ಬೂದು ಬಣ್ಣದ್ದು, ಮೆತ್ತಗೆ, ವಾಸನೆ ಮಾತ್ರ ಹೊಸ ಚಪ್ಪಲಿ ಡಬ್ಬಿ ತೆರೆದಾಗ ಬರುತ್ತದಲ್ಲ ಅಂಥದ್ದು, ಮೂಗಿನೊಳಗೆ ಹೋಗಿ ಕೂತುಬಿಟ್ಟಿದೆ, ನಾಳೆ ಕ್ಲಾಸಿನಲ್ಲಿ ಪಕ್ಕ ಕೂರುವ ಲಾವಣ್ಯ ಏನೇ ಮಂಜುಶ್ರೀ ಪಂಕ್ಚರ್ ಅಂಗಡಿ ಇಟ್ಟಿದ್ದೀಯಾ ಅನ್ನುತ್ತಾಳೆ, ಅನ್ನಲಿ — ಸೀಲರ್ ಗನ್ನಿನ ಹಿಡಿ ಒಂದೇ ಸಮ ಒತ್ತಬೇಕು, ನಿಲ್ಲಿಸಿದ ಕಡೆ ಗಂಟಾಗುತ್ತದೆ, ವಸಂತ ಮಾವ ಬೆಳಿಗ್ಗೆಯೇ ಹೇಳಿದ್ದಾನೆ, ಎರಡು ತಗಡು ಸೇರೋ ಕಡೆ ಎಷ್ಟೇ ವೆಲ್ಡ್ ಮಾಡು, ಕೂದಲೆಳೆ ಸಂದಿ ಇದ್ದೇ ಇರುತ್ತೆ ಕಣೆ, ನೀರಿಗೆ ಅಷ್ಟು ಸಾಕು, ನೀರಿಗೇನು ಡ್ಯೂಟಿಗೆ ಲೇಟಾಗ್ತಿರಲ್ಲ, ಅದು ಕಾಯುತ್ತೆ, ಅದಕ್ಕೇ ಈ ಸೀಲರ್, ತುಂಬ್ಸು, ಬೆರಳಲ್ಲಿ ಎಳಿ, ಕೆನೆ ಕಟ್ಟೋಕ್ಮುಂಚೆ ಎರಡೂ ಬದಿಗೆ ಅಂಟಿಸಿರೋ ಟೇಪ್ ಕಿತ್ತುಬಿಡು. ಎಳೆಯುತ್ತಿದ್ದೇನೆ. ಗ್ಲೌಸ್ ಹಾಕಿದ ಬೆರಳನ್ನು ಥಿನ್ನರಿನಲ್ಲಿ ಅದ್ದಿ, ಪಿಕಪ್ಪಿನ ಕ್ಯಾಬಿನ್ನಿನೊಳಗೆ ಮಂಡಿಯೂರಿ, ಸೀಟಿಲ್ಲ, ಬಾಗಿಲಿಲ್ಲ, ಗಾಜಿಲ್ಲ, ಎಪ್ಪತ್ತೆಂಟನೇ ಇಸವಿಯ ಗಾಡಿ ಬರೀ ತಗಡಿನ ಡಬ್ಬಿಯಾಗಿ ಪೀಣ್ಯ ಎರಡನೇ ಹಂತದ ಈ ಶೆಡ್ಡಿನಲ್ಲಿ ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತಿದೆ, ಶೆಡ್ಡು ರಾಜೇಂದ್ರಣ್ಣನದು, ಗಾಡಿಗೆ ಬಣ್ಣ ಹೊಡೆಯುವವರು, ಇಣುಕಿ ನೋಡಿ ಏನಮ್ಮಾ ಕಾಲೇಜು, ಬರ್ತ್‌ಡೇ ಕೇಕಿಗೆ ಕ್ರೀಮ್ ಹಾಕ್ತಿದ್ದೀಯಾ ಅಂದು ಹೋದರು, ನಗಬೇಕಿತ್ತು, ಬೇರೆ ದಿನವಾಗಿದ್ದರೆ ಕ್ಯಾಂಡಲ್ ತಂದ್ಕೊಡಿ ಅಣ್ಣ ಅನ್ನುತ್ತಿದ್ದೆ, ಇವತ್ತು ತಲೆ ಬಗ್ಗಿಸಿ ಗನ್ ಒತ್ತಿದೆ, ಯಾಕೆಂದರೆ ಜೇಬಿನಲ್ಲಿ ಅದು ಇದೆ, ಪ್ಯಾಂಟಿನ ಬಲಗಡೆ ಜೇಬು, ಮಂಡಿ ಬಗ್ಗಿಸಿದಾಗಲೆಲ್ಲ ತೊಡೆಗೆ ಒತ್ತುತ್ತದೆ, ಗೋಲಿಯಷ್ಟು ಗಾತ್ರ, ಒಣಗಿ ಕಲ್ಲಾದ ಹಳೇ ಸೀಲರಿನ ಬಿರಡೆ, ಒಂದು ಕಡೆ ಪುಟ್ಟ ಗುಳಿ, ಗುಳಿಯೊಳಗೆ ಬೆರಳಿನ ಗೆರೆ.

ಹತ್ತೂವರೆಗೆ ಸಿಕ್ಕಿತು. ಬಾಗಿಲ ಕೆಳಗೆ ಉದ್ದಕ್ಕೂ ಪೆಟ್ಟಿಗೆಯ ಹಾಗೆ ಒಂದು ಟೊಳ್ಳು ಇರುತ್ತದೆ, ಎಡಗಡೆಯದರ ಮುಂದಿನ ಅರ್ಧ ಹೊಸ ತಗಡು, ಹಿಂದಿನ ಮೂಲೆ ಮಾತ್ರ ಹಳೆಯದು, ಆ ಮೂಲೆ ಬಿಡು ಮಂಜು, ನಾನೇ ನೋಡ್ಕೋತೀನಿ ಅಂದಿದ್ದ ಮಾವ, ತುದಿ ಬಗ್ಗಿಸಿದ ಒಂದು ತಂತಿಯನ್ನೂ ಅಲ್ಲೇ ಇಟ್ಟಿದ್ದ, ಅವನು ಟೀ ತರಲು ಹೋದಾಗ ನಾನು ಕೈ ಹಾಕಿದೆ, ಬಿಡು ಅಂದಿದ್ದನ್ನು ಬಿಡುವವಳಾ ನಾನು, ಮೊಣಕೈವರೆಗೂ ಹೋಯಿತು, ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತು, ಉಗುರಿನಿಂದ ಮೀಟಿದೆ, ಟಕ್ ಅಂತ ಕಿತ್ತು ಬಂತು, ಅದರ ಹಿಂದೆಯೇ ತುಕ್ಕಿನ ಪುಡಿ, ಆಮೇಲೆ ಒಂದು ಚೂರು ಬೆಳಕು, ತೂತಿನಿಂದ. ತೂತು. ಬೆಳಕು ನೋಡಿದ ತಕ್ಷಣ ಎಲ್ಲ ನೆನಪಾಯಿತು, ಎಂಟು ವರ್ಷ ತಲೆಯ ಯಾವ ಮೂಲೆಯಲ್ಲಿ ಮಲಗಿತ್ತೋ — ಐದನೇ ಕ್ಲಾಸು, ದಸರಾ ರಜೆ, ಮಾವನಿಗೆ ಆಗ ಸ್ವಂತ ಟಿಂಕರಿಂಗ್ ಶೆಡ್ಡಿತ್ತು, ತಾತನ ಈ ಗಾಡಿಗೆ ಪೂರ್ತಿ ಹೊಸ ಬಾಡಿ ಕೆಲಸ ಮಾಡುತ್ತಿದ್ದ, ಗಿಣಿ ಹಸಿರು ಬಣ್ಣ ಹೊಡೆಯುವವನಿದ್ದ, ಟ್ಯೂಬಿನ ತಳದಲ್ಲಿ ಉಳಿದಿದ್ದ ಸೀಲರನ್ನು ನನ್ನ ಕೈಗೆ ಕೊಟ್ಟು ತಗೋ ಪುಟ್ಟಿ ಆಟ ಆಡ್ಕೋ ಅಂದು ಫೋನು ಬಂತೆಂದು ಹೊರಗೆ ಹೋದ, ನಾನು ಆಟ ಆಡಲಿಲ್ಲ, ಕೆಲಸ ಮಾಡಿದೆ, ಮಾವ ಬೆಳಿಗ್ಗೆಯಿಂದ ಕಣ್ಣಿಗೆ ಕಾಣದ ಸಂದಿಗಳನ್ನೆಲ್ಲ ಮುಚ್ಚುತ್ತಿದ್ದಾನೆ, ಈ ಟೊಳ್ಳಿನ ತಳದ ಇಷ್ಟು ದೊಡ್ಡ ಮೂರು ತೂತುಗಳನ್ನು ಮರೆತಿದ್ದಾನಲ್ಲ ಪಾಪ, ಒಂದು, ಎರಡು, ಮೂರನೆಯದು ತುಂಬಾ ಒಳಗೆ, ಮಲಗಿಕೊಂಡು ಕೈ ತೂರಿಸಿ, ಕಿರುಬೆರಳಿನಿಂದ ಒತ್ತಿ, ಎಷ್ಟು ಹೆಮ್ಮೆ, ಮಾವನಿಗೆ ಹೇಳಬೇಕು, ಶಭಾಷ್ ಅನ್ನಿಸಿಕೊಳ್ಳಬೇಕು, ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು, ಹೋಳಿಗೆ ಇತ್ತು, ಮರೆತೆ. ಹೋಳಿಗೆಗೆ ಮರೆತೆ. ಹೋದ ವರ್ಷ ಡಿಪ್ಲೊಮಾ ಕ್ಲಾಸಿನಲ್ಲಿ ಭಾನುಪ್ರಕಾಶ್ ಸರ್ ಬೋರ್ಡಿನ ಮೇಲೆ ಚಿತ್ರ ಬರೆದು, ಗಾಜಿನ ರಬ್ಬರಿಂದ ಇಳಿದ ನೀರು ಹೊರಗೆ ಹೋಗ್ಲಿ ಅಂತಾನೇ ಕೆಳಗೆ ತೂತು ಬಿಟ್ಟಿರ್ತಾರೆ, ಅದು ಮುಚ್ಚಿದ್ರೆ ಗಾಡಿ ಒಳಗಿಂದಾನೇ ಕೊಳೆಯುತ್ತೆ ಅಂದಾಗ, ಅದನ್ನ ಯಾವ ಪೆದ್ದ ಮುಚ್ತಾನೆ ಸರ್ ಅಂತ ಕೇಳಿ ಇಡೀ ಕ್ಲಾಸನ್ನು ನಗಿಸಿದವಳು ನಾನೇ.

ಎರಡು ಮಳೆಗಾಲ ಕಾದಿತು ನೀರು. ಜಾಲಹಳ್ಳಿ ಕ್ರಾಸಿನ ಹತ್ತಿರ, ಬೆಳಿಗ್ಗೆ, ತಾತ ಗಾಡಿ ಓಡಿಸುತ್ತಿದ್ದರು, ಎಡಗಡೆ ಅಜ್ಜಿ, ತೊಡೆಯ ಮೇಲೆ ಸೊಪ್ಪಿನ ಕುಕ್ಕೆ, ರಸ್ತೆಯ ಹಂಪ್ ಮೇಲೆ ಗಾಡಿ ಎಗರಿತು, ಅಜ್ಜಿ ಕಾಲೂರಿದಳು, ಕಾಲ ಕೆಳಗಿನ ತಗಡು ಹಪ್ಪಳದ ಹಾಗೆ ಮುರಿದು ಪಾದ ಕೆಳಗೆ ಹೋಯಿತು, ಕೆಳಗೆ ರಸ್ತೆ ಓಡುತ್ತಿತ್ತು — ಬೇಡ, ಇದನ್ನು ಯೋಚಿಸಬಾರದು, ಗನ್ ನಿಂತಿತು, ನೋಡು ಗಂಟಾಯಿತು, ಬೆರಳಿನಿಂದ ಸವರು, ಸವರು — ಮೂರು ತಿಂಗಳು ಆಸ್ಪತ್ರೆ, ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿನವರೆಗೆ ಪಾದ ತೆಗೆದರು, ಈಗ ರಬ್ಬರಿನ ಪಾದ, ನಡೆದರೆ ಒಂದು ಟಕ್, ಒಂದು ಸರ್ರ್. ಗಾಡಿ ನೋಡಲು ಬಂದ ಯಾವನೋ ಮೆಕ್ಯಾನಿಕ್ ತಾತನ ಮುಂದೆಯೇ ಸೀಲರ್ ನೆಟ್ಟಗೆ ಹಾಕಿಲ್ಲ ಯಜಮಾನ್ರೇ, ನೀರು ನುಗ್ಗಿದೆ ಅಂದನಂತೆ, ತಾತ ಮಗನ ಕಡೆ ತಿರುಗಿ ಒಂದೇ ಮಾತು, ನಿಮ್ಮವ್ವನ ಕಾಲು ಅಂದ್ರೆ ನಿಂಗೆ ಇಷ್ಟೇನೇನ್ಲಾ, ಅಷ್ಟೇ, ಅದೇ ಕೊನೆ, ಆರು ವರ್ಷದಿಂದ ಮಗನ ಜೊತೆ ಮಾತಿಲ್ಲ, ಒಂದೇ ಮನೆ, ಒಂದೇ ಪಂಕ್ತಿ, ಉಪ್ಪು ಬೇಕಾದರೆ ಅಜ್ಜಿಯನ್ನು ಕರೆದು ನಾಗಲಕ್ಷ್ಮೀ, ಆ ವಯ್ಯಂಗೆ ಉಪ್ಪು ಇತ್ತಗೆ ತಳ್ಳಾಕೇಳು ಅನ್ನುತ್ತಾರೆ, ಉಪ್ಪು ಮಾವನ ಮುಂದೆಯೇ ಇರುತ್ತದೆ, ನಾವೆಲ್ಲ ಮೊದಮೊದಲು ಮುಸಿಮುಸಿ ನಗುತ್ತಿದ್ದೆವು, ಆಮೇಲೆ ಅಭ್ಯಾಸವಾಯಿತು. ಮಾವ ಶೆಡ್ಡು ಖಾಲಿ ಮಾಡಿ ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಗೆ ಸೇರಿದ, ಶಿಫ್ಟು, ಐಡಿ ಕಾರ್ಡು, ಸುತ್ತಿಗೆಯ ಪೆಟ್ಟಿನ ಸದ್ದಿನಲ್ಲೇ ತಗಡಿನ ದಪ್ಪ ಹೇಳುತ್ತಿದ್ದ ಕೈ ಆರು ವರ್ಷ ಡಬ್ಬಕ್ಕೆ ಟೇಪ್ ಅಂಟಿಸಿತು. ಗಾಡಿ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ, ಅದರ ಹೆಸರು ಎತ್ತುವ ಹಾಗಿರಲಿಲ್ಲ, ಎತ್ತಿದವಳು ಅಜ್ಜಿಯೇ, ಈ ಯುಗಾದಿಗೆ, ಎಲ್ರೂ ಎದ್ರಿಕೊಂಡು ಅದ್ನ ಮುಚ್ಚಿಟ್ರೆ ನನ್ ಕಾಲೇನು ಮೊಳೀತದಾ, ರಿಪೇರಿ ಮಾಡ್ಸಿ, ವಸಂತನೇ ಮಾಡ್ಲಿ, ನಾನು ಅದ್ರಾಗೇ ಕೂತ್ಕಂಡು ಮಾರ್ಕೆಟ್ಟಿಗೆ ಓಗ್ಬೇಕು ಅಂದಳು, ತಾತ ಎದ್ದು ಹೊರಗೆ ಹೋದರು, ಹೋಗುತ್ತಾ ಗೋಡೆಗೆ ಹೇಳಿದರು, ಬಣ್ಣ ಒಡ್ಯಕ್ಕೆ ಮುಂಚೆ ನಾನು ನೋಡ್ಬೇಕು, ನನ್ ಮನ್ಸಿಗೆ ಒಪ್ಪದಿದ್ರೆ ಗುಜರಿಗೆ.

ಇವತ್ತು ನೋಡಲು ಬರುತ್ತಾರೆ. ಹನ್ನೆರಡು ಗಂಟೆಗೆ ಅಂದಿದ್ದರು, ಈಗ ಹನ್ನೊಂದು ಮುಕ್ಕಾಲು. ಬಿಸಾಕಿಬಿಡಬಹುದು, ಹೊರಗೆ ಚರಂಡಿ ಇದೆ, ಟಪ್ ಅಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜಿ ಈಗಲೂ ಜಡೆ ಹಾಕುವಾಗ ನನ್ನ ಬಂಗಾರಿ ಅನ್ನುತ್ತಾಳೆ, ನಾಳೆಯೂ ಅನ್ನುತ್ತಾಳೆ, ತಾತ ಒಪ್ಪಿದರೆ ಮಾವನ ಜೊತೆ ಮಾತಾಡಲೂಬಹುದು, ಆಗ ನಾನು ಬಾಯಿ ಬಿಡಬೇಕಾಗಿಯೇ ಇಲ್ಲ — ಒಪ್ಪದಿದ್ದರೆ, ಒಪ್ಪದಿದ್ದರೆ ಮಾವ ಮತ್ತೆ ಡಬ್ಬಕ್ಕೆ ಟೇಪ್ ಅಂಟಿಸಲು ಹೋಗುತ್ತಾನೆ, ಸಾಯುವವರೆಗೂ, ನಾನು ಪಕ್ಕದಲ್ಲಿ ಕೂತು ಉಪ್ಪು ತಳ್ಳುವುದನ್ನು ನೋಡುತ್ತಿರುತ್ತೇನೆ, ಗೊತ್ತಿದ್ದೂ. ಗೊತ್ತಿಲ್ಲದೆ ನೋಡಿದ್ದು ಬೇರೆ. ಟೇಪ್ ಕಿತ್ತೆಯೇನೇ, ಕೆನೆ ಕಟ್ತಾ ಇದೆ ನೋಡು, ಮಾವ, ಬಾಗಿಲಿಲ್ಲದ ಬಾಗಿಲಲ್ಲಿ ನಿಂತಿದ್ದಾನೆ, ಕೈಯಲ್ಲಿ ಬಟ್ಟೆ, ಟೇಪ್ ಎಳೆಯುತ್ತೇನೆ, ಗೆರೆ ನೆಟ್ಟಗಿದೆ, ಅಬ್ಬಾ ಪರವಾಗಿಲ್ವೇ ಅನ್ನುತ್ತಾನೆ, ಅನ್ನುತ್ತಲೇ ಅವನ ಕಣ್ಣು ಹಿಂದಿನ ಮೂಲೆಗೆ ಹೋಗುತ್ತದೆ, ಅಲ್ಲಿ ನೆಲದ ಮೇಲೆ ತುಕ್ಕಿನ ಪುಡಿ, ನಾನು ಗುಡಿಸಿಲ್ಲ, ಆ ಮೂಲೆಗೆ ಕೈ ಹಾಕಿದ್ಯಾ ಮಂಜು. ಹಾಕಿದೆ. ಏನಾದ್ರೂ ಸಿಕ್ತಾ. ಗ್ಲೌಸ್ ಕಳಚಿ ಜೇಬಿಗೆ ಕೈ ಹಾಕುತ್ತೇನೆ, ಬಿರಡೆ ತೆಗೆದು ಚಾಚುತ್ತೇನೆ, ಮಾವ ಇದು ನಾನು, ಇದು ನಾನು ಮಾಡಿದ್ದು, ನಿನ್ನ ಸೀಲರ್ ಅಲ್ಲ, ತೂತು ಮುಚ್ಚಿದ್ದೆ, ಆವಾಗ, ದಸರಾದಲ್ಲಿ, ನೀನು ಟ್ಯೂಬ್ ಕೊಟ್ಟಿದ್ದೆಯಲ್ಲ, ಏನೇನೋ ಬರುತ್ತಿದೆ ಬಾಯಿಂದ, ಮಾವ ಬಿರಡೆಯನ್ನು ನೋಡುವುದಿಲ್ಲ, ತಿರುಗಿ ತನ್ನ ಟೂಲ್ ಪೆಟ್ಟಿಗೆಗೆ ಹೋಗುತ್ತಾನೆ, ತಳದಿಂದ ಒಂದು ಹಳೇ ಕೊಬ್ಬರಿ ಎಣ್ಣೆ ಡಬ್ಬಿ ತೆಗೆಯುತ್ತಾನೆ, ಮುಚ್ಚಳ ತಿರುಗಿಸಿ ಹೊಸ ತಗಡಿನ ಮೇಲೆ ಬಗ್ಗಿಸುತ್ತಾನೆ, ಟಕ್, ಟಕ್. ಎರಡು ಬಿರಡೆ. ಎರಡರಲ್ಲೂ ಪುಟ್ಟ ಗುಳಿ.

ಮೂರನೇದು ನನ್ ಕೈಗೆ ಸಿಗ್ಲಿಲ್ಲ, ಅನ್ನುತ್ತಾನೆ ಮಾವ, ತಂತಿ ಹಾಕಿ ಎಷ್ಟು ಎಳೆದ್ರೂ ಬರ್ಲಿಲ್ಲ. ಯಾವಾಗ ಮಾವ. ನಿಮ್ಮಜ್ಜಿ ಆಸ್ಪತ್ರೆಗೆ ಸೇರಿದ್ ಮಾರನೇ ದಿನ. ಆರು ವರ್ಷ, ಅಂದರೆ ಆರು ವರ್ಷ, ಪ್ರತಿ ಊಟಕ್ಕೂ ನನ್ನ ಎದುರಿಗೆ ಕೂತು, ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಜಾಮೂನು ತಂದು, ಆಟೊಮೊಬೈಲ್ ತಗೋತೀನಿ ಅಂದಾಗ ತಗೋ ತಗೋ ಅಂದು, ಯಾಕೆ ಹೇಳಲಿಲ್ಲ, ಕಿರುಚಿದೆನೇನೋ, ರಾಜೇಂದ್ರಣ್ಣ ಅತ್ತಲಿಂದ ನೋಡುತ್ತಿದ್ದಾರೆ, ಏನಂತ ಹೇಳ್ಲಿ ಅನ್ನುತ್ತಾನೆ ಮಾವ, ಟ್ಯೂಬ್ ಕೊಟ್ಟೋನು ನಾನು, ಕೆಲಸ ಮುಗಿದ್ಮೇಲೆ ಪ್ರತಿ ತೂತಿಗೂ ತಂತಿ ಹಾಕಿ ನೋಡ್ಬೇಕು, ಅದು ಟಿಂಕರ್ ಕೆಲಸ, ಮಕ್ಕಳ ಕೆಲಸ ಅಲ್ಲ, ನಾನು ನೋಡ್ಲಿಲ್ಲ, ನಿಮ್ ತಾತ ಬೈದಿದ್ದು ಸರಿಯಾಗೇ ಇದೆ. ಸರಿಯಾಗಿಲ್ಲ ಮಾವ. ಅರ್ಧ ಸರಿ ಇದೆ ಬಿಡು, ಅನ್ನುತ್ತಾನೆ, ನಗುತ್ತಾನೆ, ಆ ನಗುವನ್ನು ನೋಡಲಾಗುವುದಿಲ್ಲ, ಈ ಸಲ ನೀನೇ ತಂತಿ ಹಾಕಿ ನೋಡು, ಮೂರಕ್ಕೂ, ಅವನ್ನ ಕೊಡಿಲ್ಲಿ, ಬಿಸಾಕ್ತೀನಿ, ಗೇಟಿನ ಹತ್ರ ಆಟೋ ನಿಂತಂಗಾಯ್ತು — ಮೂರನ್ನೂ ಮುಷ್ಟಿಯಲ್ಲಿ ಹಿಡಿದೆ, ಕೊಡಲಿಲ್ಲ, ಕೊಡೇ ಅನ್ನುತ್ತಾನೆ, ಮೇಲೆ ಮೆಟ್ರೋ ಹೋಗುತ್ತಿದೆ, ಅದರ ಸದ್ದು ಇಳಿದ ಮೇಲೆ ಕೇಳುತ್ತದೆ, ಟಕ್, ಸರ್ರ್, ಟಕ್, ಸರ್ರ್, ಅದರ ಮುಂದೆ ತಾತನ ಚಪ್ಪಲಿ, ಎಷ್ಟು ಘಾಟು ಮೂಗಿಗೆ ಅನ್ನುತ್ತಿದ್ದಾಳೆ ಅಜ್ಜಿ, ತಾತ ಬಂದು ತಗಡಿನ ಮೇಲೆ ಅಂಗೈ ಇಡುತ್ತಾರೆ, ಸಂದಿಯ ಮೇಲಿನ ಬೂದು ಗೆರೆಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಓಡಿಸುತ್ತಾರೆ, ಮಗ ಮೂರು ಅಡಿ ದೂರದಲ್ಲಿ ನಿಂತಿದ್ದಾನೆ, ನನ್ನ ಕಡೆ ತಿರುಗಿ ಹೇಳುತ್ತಾರೆ, ಮಂಜೂ, ಆ ವಯ್ಯನ್ನ ಕೇಳು, ಓದ ಸಲ ನೀರು ಎಲ್ಲಿಂದ ನುಗ್ತು ಅಂತ, ಮಾವ ತಲೆ ತಗ್ಗಿಸುತ್ತಾನೆ, ಬಾಯಿ ತೆರೆಯುತ್ತಾನೆ, ಈಗ ನನ್ನದೇ ತಪ್ಪಪ್ಪಾ ಅನ್ನುತ್ತಾನೆ, ಗೊತ್ತು, ಅನ್ನುವ ಮೊದಲು, ನೀರು ನುಗ್ಲಿಲ್ಲ ತಾತ, ಆಚೆ ಹೋಗಕ್ಕೆ ಆಗ್ಲಿಲ್ಲ, ತೂತು ನಾನು ಮುಚ್ಚಿಬಿಟ್ಟಿದ್ದೆ, ಇದು ನನ್ನ ದನಿಯಾ, ಅಂಗೈ ತೆರೆದೆ, ತಾತ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸುತ್ತಾರೆ, ಬಗ್ಗುತ್ತಾರೆ, ಅಜ್ಜಿಯ ಟಕ್ ನಿಂತಿದೆ, ಮೂರು ಬಿರಡೆ, ತಾತನ ದಪ್ಪ ಬೆರಳು ಒಂದರ ಗುಳಿಯ ಮೇಲೆ ಬಂದು ಕೂರುತ್ತದೆ, ಒಳಗೆ ಹೋಗುವುದಿಲ್ಲ, ನನ್ನ ಕಿರುಬೆರಳನ್ನು ಹಿಡಿದು ಅದರಲ್ಲಿ ಇಟ್ಟು ನೋಡುತ್ತಾರೆ, ಅದೂ ಈಗ ಹೋಗುವುದಿಲ್ಲ, ಇಷ್ಟೇ ಇಷ್ಟು ಗುಳಿ, ಅದರೊಳಗೆ ಗೆರೆ, ಇಷ್ಟೇ ಇಷ್ಟು ಗುಳಿ —