ಇಲಿ ಕಡಿದ ದಪ್ಪು

ಧಾರವಾಡದ ಹಳೆಯ ಓಣಿಯೊಂದರಲ್ಲಿ ತಬಲಾ, ಡೊಳ್ಳು, ದಪ್ಪು ರಿಪೇರಿ ಮಾಡುವ ಮಕಬೂಲಸಾಬರಿಗೆ ಆ ಬುಧವಾರ ಬೆಳಿಗ್ಗೆಯಿಂದಲೇ ಬೇಸರ. ಮೊಣಕಾಲು ನೋವು ಒಂದು ಕಾರಣ. ಅಮ್ಮಿನಬಾವಿಯ ಗುರುಶಿದ್ದಪ್ಪ ಬಗಲಲ್ಲಿ ದಪ್ಪು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದದ್ದು ಇನ್ನೊಂದು. ಅವನು ಏನು ಕೇಳುತ್ತಾನೆಂದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ಹೇಳಬೇಕಾದ ಉತ್ತರ ಹೇಳಿ ಹೇಳಿ ಅವರ ಬಾಯಿ ಸವೆದಿತ್ತು.

ಗುರುಶಿದ್ದಪ್ಪ ಊರಿನ ಗೀಗೀ ಮೇಳದ ಮುಂದಾಳು. ತಂದದ್ದು ಅವನ ಅಪ್ಪ ಬಾರಿಸುತ್ತಿದ್ದ ದಪ್ಪು. ಕಾಳಿನ ಚೀಲಗಳ ಮೇಲಿನ ಗೂಟಕ್ಕೆ ತೂಗುಹಾಕಿದ್ದನ್ನು ಇಲಿ ಕಡಿದು, ನಟ್ಟನಡುವೆ ಅಂಗೈಯಗಲ ತೂತು ಬಿದ್ದಿತ್ತು.

"ಕಾಕಾ, ಐತವಾರ ಹಾಡಿಕಿ ಐತಿ. ಇದಕ್ಕ ಮೊದಲಿನಂಗ ಉಡದ ಚರ್ಮನ ಹಾಕಿ ಕೊಡ್ರಿ."

"ಉಡ ಎಲ್ಲಿಂದ ತರ್ತೀಪಾ?"

"ನಮ್ಮ ಹೊಲದ ಬದುವಿನ್ಯಾಗ ಒಂದ ಐತ್ರಿ. ನನ್ನ ತಮ್ಮ ಹನಮೇಶ ನೆಲಾ ಅಗಿಯೂ ಹಾರಿ ಹಿಡಕೊಂಡು ಬಿಲದ ಮುಂದ ಕುಂತಾನ. ನೀವು ಹೂಂ ಅಂದ್ರ ಫೋನ್ ಹಚ್ತೇನಿ, ಅಂವ ಅಗೀತಾನ."

"ಆಡಿನ ಚರ್ಮ ಹಾಕ್ತೇನಿ. ನಾಳೆ ನೆನಿಹಾಕಿದ್ರ ಶನಿವಾರಕ್ಕ ಒಣಗತೈತಿ."

"ಆಡಿನ ಚರ್ಮಾ? ಅದರ ದನಿ ಮೆಟ್ಟಿಲು ಇಳಿಯೂದಿಲ್ರಿ!"

ಮಕಬೂಲಸಾಬರು ನಿಟ್ಟುಸಿರು ಬಿಟ್ಟರು. "ಕೇಳು. ಹುಲಿ, ಆನಿ ಇರೋ ಪಟ್ಟಿಯೊಳಗ ಉಡಾನೂ ಐತಿ. ಹಿಡಿಯೂದು, ಕೊಲ್ಲೂದು, ಚರ್ಮ ಮಾರೂದು, ಕೊಳ್ಳೂದು ಎಲ್ಲಾನೂ ಗುನ್ನೇ. ಮೂರು ವರ್ಷಕ್ಕ ಕಮ್ಮಿ ಇಲ್ಲದ ಜೈಲು."

"ಹಂಗಾದ್ರ ನಮ್ಮಪ್ಪ ಏನ ಕಳ್ಳನಾಗಿದ್ದನೇನ್ರಿ?"

"ನಿಮ್ಮಪ್ಪಗ ಹಾಕಿಕೊಟ್ಟಾಂವ ನಾನ. ಆಗ ಸಂತಿಗೆ ಬುಟ್ಟಿಗಟ್ಟಲೆ ಬರ್ತಿದ್ವು. ಈಗ ಒಂದು ಕಂಡ್ರ ಊರಿಗೆ ಊರ ಸುದ್ದಿ ಆಗತೈತಿ. ಯಾಕಂತಿ? ನಮ್ಮಂಥವರು ಹಾಕಿದ್ದಕ್ಕ."

ಗುರುಶಿದ್ದಪ್ಪನಿಗೆ ಇದೆಲ್ಲ ಹಿಡಿಸಲಿಲ್ಲ. "ಹೋದ ವರ್ಷ ಇದರ ದನಿಗೆ ಜನ ಎದ್ದು ನಿಂತ್ರು. ಅದು ಉಡದ ಗುಣ. ನಿಮಗ ಆಗೂದಿಲ್ಲಂದ್ರ ಹಾಕೋರು ಬ್ಯಾರೆ ಅದಾರ." ಎಂದು ಫೋನು ತೆಗೆದ.

ಅಷ್ಟರಲ್ಲಿ ಸಾಬರ ಹೆಂಡತಿ ಶಹಜಹಾನಬೇಗಂ ಚಹಾ ತಂದಿಟ್ಟು, ಗಂಡನನ್ನೇ ನೋಡಿದರು. "ಹೇಳೇಬಿಡ್ರಿ. ಹನ್ನೆರಡು ವರ್ಷ ಹೊಟ್ಟ್ಯಾಗ ಇಟಗೊಂಡೀರಿ. ಆ ಮೊಣಕಾಲು ನೋವೂ ಅದರದ ಇರಬೇಕು."

ಸಾಬರು ಚಹಾದ ಕಪ್ಪನ್ನು ಬದಿಗೆ ಸರಿಸಿದರು. ಕಸುಬಿನವನು ಮುಚ್ಚಿಟ್ಟದ್ದನ್ನು ತಾನೇ ಬಿಚ್ಚಿಟ್ಟರೆ ನಂಬಿಕೆ ಹೋಗುತ್ತದೆ, ಗಿರಾಕಿಯೂ ಅದರ ಹಿಂದೆಯೇ ಹೋಗುತ್ತಾನೆ. ಆದರೆ ಬಿಲದ ಮುಂದೆ ಹಾರೆ ಹಿಡಿದವನು ಕಾಯುತ್ತಿದ್ದ.

"ಹನ್ನೆರಡು ವರ್ಷದ ಹಿಂದ ಸಡಲಾಗೈತಿ ಅಂತ ಇದನ್ನ ತಂದಿದ್ದಿ, ನೆನಪೈತಿ? ಸಡಲಾಗಿರಲಿಲ್ಲ, ಹರದಿತ್ತು. ಆಡಿನ ಚರ್ಮ ಹಾಕಿ ಕೊಟ್ಟೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಹೇಳಿದ್ರ ಬ್ಯಾರೆ ಕಡೆ ಹೋಗ್ತಿದ್ದಿ. ತಪ್ಪು ನಂದ."

"ಸುಳ್ಳು!"

ಸಾಬರು ದಪ್ಪಿನ ಅಂಚನ್ನು ಉಗುರಿನಿಂದ ಕೆರೆದರು. ಕಟ್ಟಿಗೆಗೆ ಚರ್ಮ ಅಂಟಿಸಿದ ಕಡೆ, ಎಣ್ಣೆ, ಹೊಗೆಯ ಜಿಡ್ಡಿನ ಕೆಳಗೆ, ಮೂರು ನಾಲ್ಕು ಕರಿ ಕೂದಲು ಅಂಟಿಕೊಂಡಿದ್ದವು.

"ಉಡಕ್ಕ ಕೂದಲು ಇರತಾವೇನು?"

ಗುರುಶಿದ್ದಪ್ಪ ದಪ್ಪನ್ನು ಕಣ್ಣಿನ ಹತ್ತಿರ ಹಿಡಿದ. ಬೆಳಕಿಗೆ ಹಿಡಿದ. ಹನ್ನೆರಡು ವರ್ಷ ಹೊಗಳಿದ ದನಿಯ ಒಡೆಯ ಆಡು ಎಂದು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ.

"ಮತ್ತ ಆ ಜನ ಎದ್ದು ನಿಂತದ್ದು?"

"ನಿನ್ನ ಕೈಗೆ ನಿಂತಾರಪಾ. ಚರ್ಮಕ್ಕಲ್ಲ."

"ಇರ್ಲಿ," ಎಂದರು ಶಹಜಹಾನಬೇಗಂ, "ಈ ದಪ್ಪು ಕಡದದ್ದು ಯಾವುದು?"

"ಇಲಿರಿ, ಕಾಕೂ. ಹೊಲದ ತುಂಬ, ಮನಿ ತುಂಬ ಅವ."

"ಉಡ ಏನು ತಿಂತೈತಿ?"

ಇಲಿಯನ್ನೂ ತಿನ್ನುತ್ತದೆ ಎಂದು ರೈತನ ಮಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗುರುಶಿದ್ದಪ್ಪ ಫೋನು ಹಚ್ಚಿದ.

"ಹನಮೇಶ, ಹಾರಿ ತಗೊಂಡು ಮನಿಗೆ ಹೋಗು... ಇಲ್ಲೋ, ಅದು ಅಲ್ಲೇ ಇರಲಿ... ಹೌದು, ಹುಚ್ಚು ಹಿಡದಿತ್ತು, ಈಗ ಬಿಟ್ಟೈತಿ. ಲಗೂ ಹೋಗು."

ಐತವಾರದ ಹಾಡಿಕೆ ಮುಗಿದ ಮೇಲೆ ಮುದುಕನೊಬ್ಬ ಬಂದು, "ಏನ್ ದನೀಪಾ! ಉಡದ್ದೇನು?" ಎಂದು ಕೇಳಿದ. "ಆಡಿಂದ್ರಿ," ಎಂದ ಗುರುಶಿದ್ದಪ್ಪ. ಮುದುಕ ನಂಬಲಿಲ್ಲ. ಹಿಂದೆ ಕುಳಿತಿದ್ದ ಮಕಬೂಲಸಾಬರು ಮೊಣಕಾಲು ತಿಕ್ಕಿಕೊಳ್ಳುತ್ತ, ಇನ್ನೊಬ್ಬನಿಗೆ ಮೊದಲಿನಿಂದ ಹೇಳಬೇಕಲ್ಲ ಎಂದು ಎದ್ದರು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಾಬರ ದಣಿವನ್ನು ನೀವು ಸ್ವಲ್ಪ ಹಂಚಿಕೊಳ್ಳಿ. ಬದುವಿನಲ್ಲಿ ಉಡ ಕಂಡರೆ ಅದರ ದಾರಿಗೆ ಅದನ್ನು ಬಿಡಿ. ಉಡದ ಚರ್ಮವಿರಲಿ, ಹುಲಿಯುಗುರಿರಲಿ, ಆನೆದಂತವಿರಲಿ, ಕೊಡುತ್ತೇನೆಂದು ಬಂದವರಿಗೆ ಬೇಡವೆನ್ನಿ. ಅರಣ್ಯ ಇಲಾಖೆಗೆ ತಿಳಿಸಿ. ಕೊಳ್ಳುವವರು ಇರುವ ತನಕ ಬಿಲದ ಮುಂದೆ ಹಾರೆ ಹಿಡಿದು ಯಾರೋ ಒಬ್ಬ ಕುಳಿತೇ ಇರುತ್ತಾನೆ. ಅವನನ್ನು ಮನೆಗೆ ಕಳಿಸುವ ಫೋನು ನಿಮ್ಮ ಕೈಯಲ್ಲಿದೆ.