ಬೆಲ್ಟಿಗೆ ಸುತ್ತಿದ ತಂತಿ

ತಂಗಿ ಹೊಲಿಗೆ ಮೆಷಿನ್ನಿನ ತಲೆಯನ್ನು ಹಿಂದಕ್ಕೆ ಮಗುಚಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ದಾರದ ಹೊಟ್ಟನ್ನು ಹಳೆಯ ಬ್ರಷ್ಷಿನಿಂದ ಕೆರೆದು ತೆಗೆದಳು. ತೂತು ತೂತಿಗೂ ಒಂದು ಹನಿ ಎಣ್ಣೆ ಬಿಟ್ಟು, ಇಳಿದದ್ದನ್ನು ಬಟ್ಟೆಚೂರಿನಿಂದ ಒರೆಸಿದಳು. ಹೊರಗಿನ ಕೋಣೆಯಲ್ಲಿ ಅಕ್ಕ ಮೇಜಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ತಂಗಿಯ ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು.

ಅಕ್ಕ ವಕೀಲೆ. ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಂಪನಿ ತನ್ನ ಕೊಳಕು ನೀರನ್ನು ಹಳ್ಳಕ್ಕೆ ಬಿಡುತ್ತಿದೆಯೆಂದು ದಂಡೆಯ ಜನರ ಪರ ಕೇಸು ಹಾಕಿ ಗೆದ್ದಿದ್ದಳು. ಕಂಪನಿ ಹಳ್ಳ ತೊಳೆಯುವುದನ್ನು ಬಿಟ್ಟು ಅವಳ ಮೇಲೆ ತಿರುಗಿಬಿತ್ತು. ಕೊಳವೆಯ ಬಾಯಿ ಯಾವಾಗ ತೆರೆಯುತ್ತಾರೆಂದು ದನಿ ಮರೆಸಿಕೊಂಡು ರೆಕಾರ್ಡಿನಲ್ಲಿ ಹೇಳಿದ ಕೆಲಸಗಾರ ಎಂಬವನೇ ಇಲ್ಲ, ಅದೆಲ್ಲ ಇವಳ ಕಟ್ಟುಕತೆ ಎಂದು ಮೋಸದ ಆರೋಪ ಹೊರಿಸಿ ದಾವೆ ಹೂಡಿತು. ಸನ್ನದು ಅಮಾನತಾಯಿತು. ಕೋರ್ಟಿನಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಕಚೇರಿಯ ಮಾಲೀಕ ಬಾಗಿಲಿಗೆ ಬೇರೆ ಬೀಗ ಜಡಿದ ಮೇಲೆ ಅವಳು ಒಂದು ಪೆಟ್ಟಿಗೆ, ಒಂದು ಕಂಪ್ಯೂಟರು ಹೊತ್ತುಕೊಂಡು ತಂಗಿಯ ಮನೆಗೆ ಬಂದಿದ್ದಳು. ಇವತ್ತು ಕೋರ್ಟಿನ ಆದೇಶದ ಮೇಲೆ ಆ ಕಂಪ್ಯೂಟರನ್ನೂ ಒಯ್ಯಲು ಬರುವವರಿದ್ದರು.

ಕೆಲಸಗಾರ ಇದ್ದ. ಅವನು ತಂಗಿಯ ಗಂಡ. ಅವನಿಗಿಂತ ಮೊದಲು ಬಾಯಿಬಿಟ್ಟಿದ್ದ ಒಬ್ಬನ ಎರಡೂ ಕೈ ಮುರಿದು ಬಸ್ ನಿಲ್ದಾಣದ ಹಿಂದೆ ಎಸೆದಿದ್ದರು. ಅದಕ್ಕೇ ಈ ಗಂಡ ಕುಲುಮೆಯ ಮುಂದೆ, ಕ್ಯಾಂಟೀನಿನಲ್ಲಿ, ಎಲ್ಲೆಂದರಲ್ಲಿ ಹೆಂಡತಿಯ ಅಕ್ಕನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಕೇಸು ಮುಗಿಯುವ ತನಕ ಅವಳು ನಮ್ಮ ಹೊಸಿಲು ತುಳಿದಿರಲಿಲ್ಲವೆಂದು ಕಂಪನಿಯವರ ಮುಂದೆ ಆಣೆ ಮಾಡಿ ಹೇಳಿದ್ದ. ಹಾಗೆ ಹೇಳಲು ಕಲಿಸಿದವಳೂ ಅಕ್ಕನೇ. ಅತ್ತೆ ಅದನ್ನು ನಿಜವೆಂದೇ ನಂಬಿದ್ದಳು.

"ಬೀದಿಗೆ ಬಿದ್ದೋಳು ಅಂತ ಒಳಗೆ ಬಿಟ್ಕೊಂಡ್ವಿ," ಎಂದಳು ಅತ್ತೆ ಕೊನೆಗೆ. "ಈಗ ಬೀದಿನೇ ಮನೆಗೆ ಬರ್ತಿದೆ."

"ಬಂದು ಹೋಗುತ್ತೆ ಬಿಡಿ," ಎಂದಳು ಅಕ್ಕ.

"ಹೋಗೋದು ಅದು. ಇರೋದು ನೀನು."

ತಂಗಿ ಮೆಷಿನ್ನಿನ ತಲೆ ನೆಟ್ಟಗೆ ಮಾಡಿ, ಎಣ್ಣೆ ಹಿಡಿಯಿತೋ ನೋಡಲು ಪೆಡಲು ತುಳಿದಳು. ಚಕ್ರ ಹಗುರಾಗಿ ಓಡಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕಾಲು ತಾನಾಗಿ ನಿಂತಿತು.

ಬಂದವರು ಇಬ್ಬರು: ಕೋರ್ಟಿನ ಅಮೀನ, ಮತ್ತು ಕಂಪನಿಯ ವಕೀಲ. ವಕೀಲ ನಯವಾದ ಮನುಷ್ಯ. ಹೊಸಿಲಲ್ಲಿದ್ದ ದಪ್ಪ ಒರಸುಬಟ್ಟೆಯ ಮೇಲೆ ಬೂಟನ್ನು ಚೆನ್ನಾಗಿ ಉಜ್ಜಿಕೊಂಡೇ ಒಳಗೆ ಬಂದ.

"ಏನ್ ಮೇಡಂ, ಆರಾಮಾ? ಈಗ ಬಿಡುವಾಗಿದ್ದೀರಲ್ಲ."

"ನಿಮ್ಮ ದಯೆ," ಎಂದಳು ಅಕ್ಕ.

ಅಮೀನ ಕಂಪ್ಯೂಟರಿನ ತಂತಿಗಳನ್ನು ಕಿತ್ತು ಸುತ್ತತೊಡಗಿದ. ಅತ್ತೆ ವಕೀಲನಿಗೆ ಕುರ್ಚಿ ಎಳೆದುಕೊಟ್ಟು, ಕೇಳದಿದ್ದರೂ ಬಾಯಿ ಬಿಟ್ಟಳು. "ನಮ್ಮ ಹುಡುಗಂಗೂ ಇವಳಿಗೂ ಏನೂ ಸಂಬಂಧ ಇಲ್ಲ ಸ್ವಾಮಿ. ಅವನು ತಾನಾಯ್ತು, ತನ್ನ ಕೆಲಸ ಆಯ್ತು."

"ಗೊತ್ತಮ್ಮ. ಅವರು ನಮ್ಮವರೇ."

ಅದೇ ಹೊತ್ತಿಗೆ ಪಾಳಿ ಮುಗಿಸಿ ಗಂಡ ಬಂದ. ಕೊರಳಪಟ್ಟಿ ಕಪ್ಪಾಗಿತ್ತು, ಕೈಯಲ್ಲಿ ಖಾಲಿ ಬುತ್ತಿ. ವಕೀಲನನ್ನು ಕಂಡವನೇ ಮುಖ ಸಿಂಡರಿಸಿ ಅಕ್ಕನ ಕಡೆ ನೋಡಿದ. "ಇನ್ನೂ ಮುಗಿದಿಲ್ವಾ ಇವಳ ರಾಮಾಯಣ? ಹೊತ್ಕೊಂಡು ಹೋಗಿ ಸಾರ್, ಎಲ್ಲ. ಬೇಕಾದ್ರೆ ಇವಳನ್ನೂ." ಬಾಗಿಲ ಬಳಿ ಕೂತು ಷೂ ಲೇಸು ಬಿಚ್ಚತೊಡಗಿದ. ಒಂದೇ ಗಂಟನ್ನು ಅವನ ಬೆರಳುಗಳು ಎಷ್ಟೋ ಹೊತ್ತು ಹುಡುಕುತ್ತಿದ್ದವು. ಅದನ್ನು ಕಂಡವಳು ತಂಗಿ ಒಬ್ಬಳೇ.

ವಕೀಲ ನಕ್ಕ. ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. "ಹೋಗೋ ಮುಂಚೆ ನಿಮ್ಮ ಸಾಕ್ಷಿ ಮಾತು ಇನ್ನೊಂದ್ಸಲ ಕೇಳೋಣ ಮೇಡಂ. ಯಾವ ನಾಟಕದವನ್ನ ಹಿಡಿದು ಹೇಳಿಸಿದ್ರಿ ಅಂತ ಹೇಳಿಬಿಟ್ರೆ ಇಬ್ಬರಿಗೂ ಕೆಲಸ ಕಮ್ಮಿ."

"ನಾನೇ ಮೂಗು ಮುಚ್ಕೊಂಡು ಹೇಳಿದ್ದು ಅಂತ ಬರ್ಕೊಳ್ಳಿ."

ಫೋನಿನಿಂದ ದಪ್ಪ ಗಂಟಲು ಹೊರಟಿತು. ಬಾವಿಯ ತಳದಿಂದ ಬಂದ ಹಾಗೆ, ಯಾರದೂ ಅಲ್ಲದ ಗಂಟಲು. ಕೊಳವೆ, ಕೀಲಿ, ಎರಡನೆಯ ಪಾಳಿ. ಅದರ ಹಿಂದೆ ಸಣ್ಣಗೆ ಸರಸರ ಸದ್ದು, ಪ್ರತಿ ಸುತ್ತಿಗೂ ಒಂದು ಠಕ್.

ತಂಗಿಯ ಕಣ್ಣು ಮೆಷಿನ್ನಿನ ಚಕ್ರಕ್ಕೆ ಹೋಯಿತು.

ಮೆಷಿನ್ನಿನ ಚರ್ಮದ ಬೆಲ್ಟು ಹರಿದಾಗ ಗಂಡ ತಾಮ್ರದ ತಂತಿ ಸುತ್ತಿ ಕೂಡಿಸಿಕೊಟ್ಟಿದ್ದ. ತಂತಿಯ ತುದಿ ಚಕ್ರದ ತಗಡಿಗೆ ತಾಗಿ ಪ್ರತಿ ಸುತ್ತಿಗೂ ಠಕ್ಕೆನ್ನುತ್ತಿತ್ತು. ಪಕ್ಕದ ಮನೆಯವನು ಕಂಪನಿಯ ಗೇಟು ಕಾಯುವವನು, ನಡುವಿನ ಗೋಡೆ ಹಪ್ಪಳದಷ್ಟು ತೆಳು. ಆ ಮಧ್ಯಾಹ್ನ ಗಂಡ ಹೇಳುತ್ತ, ಅಕ್ಕ ಅದನ್ನು ರೆಕಾರ್ಡು ಮಾಡಿಕೊಳ್ಳುತ್ತ ಕೂತಿದ್ದಾಗ, ಮಾತು ಗೋಡೆ ದಾಟದಿರಲೆಂದು ತಂಗಿ ಒಂದು ಹಳೆಯ ದುಪ್ಪಟಿಯ ಮೇಲೆ ಹೊಲಿದದ್ದನ್ನೇ ಹೊಲಿಯುತ್ತ ಪೆಡಲು ತುಳಿದಿದ್ದಳು. ಅವರಿಬ್ಬರೂ ಎದ್ದುಹೋದ ಮೇಲೂ ಕಾಲು ನಿಲ್ಲಿಸಲು ಹೆದರಿಕೆಯಾಗಿತ್ತು. ಹೊರಗಿನಿಂದ ಬಂದ ಅತ್ತೆ ನೋಡಿ ನಕ್ಕಿದ್ದಳು: "ಇದೇನೇ, ದುಪ್ಪಟಿಗೆ ಉಳುಮೆ ಮಾಡ್ತಿದ್ದೀಯಾ?" ಆಮೇಲೆ ಅಕ್ಕ ಯಾರನ್ನೋ ಹಿಡಿದು ಆ ರೆಕಾರ್ಡಿನ ಗಂಟಲು ಬದಲಿಸಿಕೊಂಡಿದ್ದಳು. ಹಿಂದಿನ ಸದ್ದಿನ ನೆನಪು ಯಾರಿಗೂ ಬಂದಿರಲಿಲ್ಲ. ಅದು ಇವರ ಕಿವಿಗೆ ಸದ್ದೇ ಅಲ್ಲ, ಮನೆಯ ಉಸಿರು.

ವಕೀಲ ಫೋನಿಗೆ ಬೆರಳು ತಾಗಿಸಿ ನಿಲ್ಲಿಸಿದ. ಹಿಂದಕ್ಕೆ ಎಳೆದು ಮತ್ತೆ ಹಾಕಿದ. ಕಿವಿ ಹತ್ತಿರ ತಂದ. ಅವನ ನಗು ಎಲ್ಲಿತ್ತೋ ಅಲ್ಲೇ ಉಳಿಯಿತು, ಕಣ್ಣು ಮಾತ್ರ ಒಳಕೋಣೆಗೆ ಹೋಯಿತು.

"ನಾವು ಮೆಟ್ಟಿಲು ಹತ್ತುವಾಗ ಏನೋ ಹೊಲೀತಿದ್ರಿ ಅಲ್ವಾ?"

"ಎಣ್ಣೆ ಹಾಕ್ತಿದ್ದೆ," ಎಂದಳು ತಂಗಿ.

"ಈ ಮೆಷಿನ್ ಎಷ್ಟು ವರ್ಷದ್ದಮ್ಮ?" ಅವನು ಅತ್ತೆಯನ್ನು ಕೇಳಿದ.

"ನನ್ನ ಕಾಲದ್ದು ಸ್ವಾಮಿ, ಬೆಲ್ಟ್ ಒಂದು ನಮ್ಮ ಹುಡುಗ..." ಎಂದವಳು ನಿಲ್ಲಿಸಿದಳು. ಅವಳ ಕಣ್ಣು ಹೊಸಿಲ ಒರಸುಬಟ್ಟೆಗೆ ಹೋಯಿತು. ಅಂದಿನ ಸಾಲು ಸಾಲು ಹೊಲಿಗೆಯಿಂದ ದಪ್ಪಗಾಗಿದ್ದ ಆ ದುಪ್ಪಟಿಯ ಮೇಲೆ ಮಗ ಇನ್ನೂ ಲೇಸು ಹಿಡಿದು ತಲೆ ತಗ್ಗಿಸಿ ಕೂತಿದ್ದ. ಅತ್ತೆ ಅವನ ನೆತ್ತಿಯನ್ನೇ ನೋಡಿದಳು. ಆಮೇಲೆ ಅಕ್ಕನನ್ನು. ಮನೆಗೆ ಬಂದಾಗಿನಿಂದ ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಅಮೀನ ತಂತಿ ಸುತ್ತುವುದನ್ನು ಬಿಟ್ಟು ತಲೆಯೆತ್ತಿದ. ಅಕ್ಕನ ಕೈಗಳು ಮೇಜಿನ ಮೇಲೆ ಹಾಗೇ ಇದ್ದವು, ಬೆರಳ ತುದಿ ಬಿಳಿಚಿತ್ತು.

ವಕೀಲ ಕುರ್ಚಿಯನ್ನು ಒಳಕೋಣೆಯ ಬಾಗಿಲಿಗೆ ತಿರುಗಿಸಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತ. ತಂಗಿಯ ಕಾಲು ಪೆಡಲಿನ ಮೇಲೇ ಇತ್ತು.

"ಒಂದೇ ಒಂದ್ಸಲ," ಎಂದ ಮೆತ್ತಗೆ, "ಅದನ್ನ ತುಳಿದು ತೋರಿಸಿ ತಾಯಿ."