ಯಾವಾಗ ಬೇಕಾದರೂ ಬನ್ನಿ

ನಮ್ಮಮ್ಮ ಗುಲಾಬಿ ನನಗೆ ದಿನಕ್ಕೆ ನೂರು ಸಲ "ಬೇಡ" ಅಂತಾಳೆ. ಹೊರಗಿನವರಿಗೆ ಮಾತ್ರ ಒಂದು ಸಲವೂ ಅಂದವಳಲ್ಲ. ಅದು ಉಡುಪಿ ಕಡೆಯ ಮರ್ಯಾದೆ. ಅಪ್ಪನಿಗೆ ಕೋಲ್ಕತ್ತಾದ ಬಿಬಿಡಿ ಬಾಗ್‌ನಲ್ಲಿರುವ ಬ್ಯಾಂಕಿಗೆ ವರ್ಗವಾದಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ ಜೊತೆಗೆ ಆ ಮರ್ಯಾದೆಯನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಾಳೆ. ಅದು ನನ್ನ ಕೆಲಸಕ್ಕೇ ಕುತ್ತು ತರುತ್ತದೆ ಅಂತ ಯಾರಿಗೆ ಗೊತ್ತಿತ್ತು ಮಾರಾಯ್ರೆ.

ನನ್ನ ಕೆಲಸ ಎಂತದ್ದು ಅಂತ ಹೇಳಿದರೆ ನೆಂಟರು ನಗ್ತಾರೆ. ಕಂಪನಿಯ ಕೋಡ್ ಎಲ್ಲ ಜೋಪಾನವಾಗಿ ಇಟ್ಟಿರುವ ಜಾಗಕ್ಕೆ ರೆಪೊಸಿಟರಿ ಅಂತಾರೆ. ಅದರೊಳಗೆ ಹೋಗಿ ತಾನೇ ಕೆಲಸ ಮಾಡುವ ಒಂದು ಎಐ ಏಜೆಂಟ್ ಉಂಟು. ಅದರ ಕೈಗೆ ನಾವು ಟೂಲ್ ಕೊಡ್ತೇವೆ, ಹುಡುಕುವುದಕ್ಕೊಂದು, ಓದುವುದಕ್ಕೊಂದು, ತಿದ್ದುವುದಕ್ಕೊಂದು, ಅಳಿಸುವುದಕ್ಕೊಂದು. ಯಾವುದು ಯಾವುದಕ್ಕೆ ಅಂತ ನಾಲ್ಕು ಸಾಲು ವಿವರಣೆ ಬರೆಯುವವಳು ನಾನು, ಈ ಭವ್ಯಶ್ರೀ. ಏಜೆಂಟಿಗೆ ಆ ನಾಲ್ಕು ಸಾಲೇ ವೇದವಾಕ್ಯ. ಬರೆದವಳ ಮನಸ್ಸಿನಲ್ಲಿ ಎಂತ ಇತ್ತು ಅಂತ ಅದಕ್ಕೆ ಕಾಣುವುದಿಲ್ಲ.

ಕಳೆದ ವಾರ ಪರೀಕ್ಷೆಯಲ್ಲಿ ಒಂದೇ ಒಂದು ಸಾಲು ತಿದ್ದು ಅಂದದ್ದಕ್ಕೆ ಅದು ಇಡೀ ಫೋಲ್ಡರನ್ನೇ ಅಳಿಸಿ, "ಅಚ್ಚುಕಟ್ಟು ಮಾಡಿದ್ದೇನೆ" ಅಂತ ಖುಷಿಯಲ್ಲಿ ವರದಿ ಕೊಟ್ಟಿತು. ಪುಣ್ಯಕ್ಕೆ ಅದು ಅಭ್ಯಾಸಕ್ಕಿಟ್ಟ ನಕಲು. ನಮ್ಮ ಮೇಲಧಿಕಾರಿ ಪ್ರಿಯಂವದಾ ಮೇಡಂ ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. "ಗುರುವಾರ ಮೂರು ಗಂಟೆಗೆ ಮತ್ತೆ ನೋಡೋಣ. ಆಗಲೂ ಅಳಿಸಿದರೆ ಈ ಕೆಲಸ ಬೇರೆಯವರಿಗೆ" ಅಂದರು. ನನಗೆ ಈ ಕೆಲಸದ ಮೇಲೆ ಜೀವ. ಅದು ಕೈತಪ್ಪಿದರೆ ಮೂಲೆಯಲ್ಲಿ ಕೂತು ಯಾರೋ ಬರೆದ ಕೋಡಿನ ಪಕ್ಕ ಸರಿ, ತಪ್ಪು ಅಂತ ಗುರುತು ಹಾಕುವ ಹಳೆಯ ಗತಿಯೇ.

ಗುರುವಾರ ಮನೆಯಲ್ಲೇ ಕೂತಿದ್ದೆ. ಅಳಿಸುವ ಟೂಲಿನ ವಿವರಣೆಯನ್ನು ಬೆಳಿಗ್ಗೆಯಿಂದ ಓದಿದ್ದೇ ಓದಿದ್ದು. "ಹಳೆಯ ಕಡತಗಳನ್ನು ತೆಗೆಯಲು. ಅಗತ್ಯ ಕಂಡಾಗಲೆಲ್ಲ ಧಾರಾಳವಾಗಿ ಬಳಸಬಹುದು." ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ಧಾಟಿ ಪೂರ್ತಿ ಉಡುಪಿಯದ್ದು. ಇಷ್ಟು ಚಂದದ ವಿನಯದಲ್ಲಿ ತಪ್ಪೆಲ್ಲಿ ಉಂಟು ಅಂತ ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ವೀರಭದ್ರ ಕಾಕಾ. ಹೌರಾದಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದ ಧಾರವಾಡದವರು, ಎದುರಿನ ಕಟ್ಟಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಹಿಂದೊಮ್ಮೆ ಕನ್ನಡ ಸಂಘದ ಊಟದಲ್ಲಿ ಸಿಕ್ಕಾಗ ಅಮ್ಮ ಅವರಿಗೆ "ಯಾವಾಗ ಬೇಕಾದರೂ ಬನ್ನಿ, ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ" ಅಂದಿದ್ದಳು. ಅವರು ಹಾಗೇ ತಿಳ್ಕೊಂಡರು. ಅಂದಿನಿಂದ ಬೆಳಗಾದರೆ ಹಾಜರು.

ಬಂದವರೇ ಫ್ರಿಜ್ ತೆರೆದು ಅಪ್ಪನಿಗೆಂದು ಇಟ್ಟಿದ್ದ ಮಿಷ್ಟಿ ದೊಯಿ ಅನ್ನುವ ಬಂಗಾಳಿ ಸಿಹಿಮೊಸರಿನ ಕುಡಿಕೆ ಖಾಲಿ ಮಾಡಿದರು. ಫ್ಯಾನಿನ ವೇಗ ತಗ್ಗಿಸಿದರು. ಆಮೇಲೆ ವೈಫೈ ಪ್ಲಗ್ ಕಿತ್ತು ತಮ್ಮ ಫೋನು ಚಾರ್ಜಿಗೆ ಹಾಕಿದರು. ನನ್ನ ಇಂಟರ್ನೆಟ್ ಶಿವಾಯ ನಮಃ ಆಯಿತು.

ಅಡುಗೆಮನೆಗೆ ಓಡಿದೆ. ಅಮ್ಮ ಪಿಸುಗುಟ್ಟಿದಳು, "ಇವರು ಎಷ್ಟೊತ್ತಿಗೆ ಎದ್ದು ಹೋಗ್ತಾರೋ ಎಂತದೋ. ನನ್ನ ಒಗ್ಗರಣೆ ಆಗಬೇಕು, ಸ್ನಾನ ಆಗಬೇಕು." ಮರುಕ್ಷಣ ಹೊರಗೆ ಹೋಗಿ, "ಅವಸರ ಎಂತ? ಇನ್ನೂ ಸ್ವಲ್ಪ ಕೂತ್ಕೊಳ್ಳಿ" ಅಂದಳು.

ಕಾಕಾ ಕೂತರು. ಕೂರದೆ ಎಂತ ಮಾಡ್ತಾರೆ, ಹೇಳಿದ್ದು ಅದನ್ನೇ ಅಲ್ವಾ?

ನನ್ನ ತಲೆಯೊಳಗೆ ಟಕ್ ಅಂತ ದೀಪ ಹೊತ್ತಿತು. ಕಾಕಾನದ್ದೂ ತಪ್ಪಿಲ್ಲ, ಏಜೆಂಟಿನದ್ದೂ ತಪ್ಪಿಲ್ಲ. ಯಾವಾಗ ಬೇಕಾದರೂ ಅಂದರೆ ಕಾಕಾನಿಗೆ ಯಾವಾಗ ಬೇಕಾದರೂ ಅಂತಲೇ, ಧಾರಾಳವಾಗಿ ಅಂದರೆ ಏಜೆಂಟಿಗೆ ಧಾರಾಳವಾಗಿ ಅಂತಲೇ ಅರ್ಥ. ಯಾವಾಗ ಬರಬೇಡಿ ಅಂತ ಅಮ್ಮ ಹೇಳಲಿಲ್ಲ, ಯಾವುದನ್ನು ಮುಟ್ಟಬೇಡ ಅಂತ ನಾನು ಬರೆಯಲಿಲ್ಲ. ನನಗೆ ನಗು ಉಕ್ಕಿ ಬಂತು. ಆ ನಗುವಿನ ಅಮಲಿನಲ್ಲೇ ಕಾಕಾನ ಎದುರು ಹೋಗಿ ನಿಂತೆ.

"ಕಾಕಾ, ಸಂಜೆ ಐದಕ್ಕೆ ಕಾಫಿಗೆ ಬನ್ನಿ. ಬೆಳಿಗ್ಗೆ ಬರಬೇಡಿ, ನಮಗೆ ಕೆಲಸ ಇರ್ತದೆ. ವೈಫೈ ಪ್ಲಗ್ ಮುಟ್ಟಬೇಡಿ. ಫೋನು ಚಾರ್ಜ್ ಮಾಡಬೇಕಾದರೆ ನನ್ನನ್ನು ಕೇಳಿ."

ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುವ ಮುಖ.

ಕಾಕಾ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. "ಎಷ್ಟ ಚಲೋ ಆತು ತಂಗಿ. ನಾ ಬರಲಿಲ್ಲಂದ್ರ ನಿಮ್ಮವ್ವ ನೊಂದ್ಕೋತಾರ ಅಂತ ಈ ಮೊಣಕಾಲು ತಗೊಂಡು ದಿನಾ ಮೂರು ಮಾಳಿಗಿ ಹತ್ತತೀನಿ ನೋಡು. ಮುಂಜಾನಿ ನನಗೂ ನಿದ್ದಿ ಬೇಕಾಗಿರತೈತಿ." ಪ್ಲಗ್ಗನ್ನು ತಾವೇ ಮೊದಲಿನಂತೆ ಹಾಕಿ ಇಳಿದು ಹೋದರು.

ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ನಾನು ಬರೆಯಲು ಕೂತೆ. "ಹೆಸರು ಹಿಡಿದು ಅಳಿಸು ಅಂದ ಕಡತವನ್ನು ಮಾತ್ರ ಅಳಿಸಲು. ತಿದ್ದುವುದಕ್ಕೆ ಇದನ್ನು ಬಳಸಬೇಡ, ಅದಕ್ಕೆ ತಿದ್ದುವ ಟೂಲ್ ಇದೆ. ಅಳಿಸಿದ್ದು ಮರಳಿ ಬರುವುದಿಲ್ಲ. ಅನುಮಾನವಿದ್ದರೆ ನಿಲ್ಲಿಸಿ ಕೇಳು."

ಮೂರು ಗಂಟೆಗೆ ಪ್ರಿಯಂವದಾ ಮೇಡಂ ಪರದೆಯ ಮೇಲೆ ಬಂದು ಬೇಕಂತಲೇ ಕಿತಾಪತಿ ಮಾಡಿದರು. "ಆ ಸಾಲು ತಿದ್ದಿ, ಫೋಲ್ಡರ್ ಸ್ವಲ್ಪ ಚೊಕ್ಕ ಮಾಡು" ಅಂತ ಏಜೆಂಟಿಗೆ ಹೇಳಿದರು. ಅದು ಹುಡುಕಿತು, ಓದಿತು, ಸಾಲು ತಿದ್ದಿತು. ಆಮೇಲೆ ನಿಂತಿತು. "ಯಾವ ಕಡತ ಅಳಿಸಬೇಕು? ಹೆಸರು ಹೇಳುವವರೆಗೆ ಏನನ್ನೂ ಅಳಿಸುವುದಿಲ್ಲ."

"ಕೆಲಸ ನಿನ್ನದೇ" ಅಂದರು ಮೇಡಂ. ನಾನು ಲ್ಯಾಪ್‌ಟಾಪ್ ಮುಚ್ಚಿ ಮಂಚದ ಮೇಲೆ ಹಾರಿ ಕುಣಿದೆ. ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಮಾಡಿಗೆ ಕುಟ್ಟಿದರು, ನಾನು ಅದೇ ತಾಳಕ್ಕೆ ಮತ್ತೂ ಕುಣಿದೆ.

ಅಮ್ಮ ಮಾತ್ರ ನಾಲ್ಕೂವರೆಯಿಂದ ಬಾಗಿಲು, ಕಿಟಕಿ ಅಂತ ತಿರುಗುತ್ತಿದ್ದಳು. "ಇನ್ನು ಅವರು ಬರ್ಲಿಕ್ಕಿಲ್ಲ. ನೀನು ಹಾಗೆ ಅಂದ ಮೇಲೆ ಯಾರು ಬರ್ತಾರೆ?" ಕಾಫಿಗೆ ನೀರು ಇಟ್ಟಳು, ಆರಿಸಿದಳು, ಮತ್ತೆ ಇಟ್ಟಳು. ಇಷ್ಟು ದಿನ ಗೊಣಗುತ್ತಿದ್ದವಳ ಕಣ್ಣು ತುಂಬಿದ್ದು ಕಂಡು ನನ್ನ ಕುಣಿತವೂ ನಿಂತಿತು.

ಸರಿಯಾಗಿ ಐದಕ್ಕೆ ಬೆಲ್ಲು. ಹೊಸ್ತಿಲಾಚೆ ಕಾಕಾ, ಕೈಯಲ್ಲಿ ಮಿಷ್ಟಿ ದೊಯಿಯ ದೊಡ್ಡ ಕುಡಿಕೆ. ಒಳಗೆ ಕಾಲಿಡದೆ ನಿಂತೇ ಕೇಳಿದರು, "ನಾಳೆನೂ ಬರಬೇಕೇನು, ಇಲ್ಲಾ ಇವತ್ತಷ್ಟೇನೋ? ಅದನ್ನ ತಂಗಿ ಹೇಳಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಬಂದಳು.

"ದಿನಾ ಬನ್ನಿ. ಐದಕ್ಕೇ ಬನ್ನಿ. ಒಂದು ದಿನವೂ ತಪ್ಪಿಸಬೇಡಿ."